ಮೂತ್ರದ ತ್ರಾಸು: ನಾಚಿಕೆ ಬಿಟ್ಟು ದವಾಖಾನೆಗೆ ಹೋಗೋಣ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಿ.ಎ. ಓದುವ ಹುಡುಗಿ, ಡಾಕ್ಟರ್ ಅಲ್ಲ. ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳು ಅಂತ ಸಂಘದವರು ಅಂದ್ರು. ಯಾರೂ ಬಾಯಿ ಬಿಟ್ಟು ಹೇಳದ ವಿಷಯವನ್ನೇ ತಗೊಂಡೀನಿ: ಮೂತ್ರದ ತ್ರಾಸು. ಹೆಣ್ಣುಮಗಳು ಸಭೆಯಲ್ಲಿ ನಿಂತು ಉಚ್ಚಿ ಬಗ್ಗೆ ಮಾತಾಡ್ತಾಳಲ್ಲ ಅಂತ ಕೆಲವರಿಗೆ ನಗು ಬರಬಹುದು. ನಗ್ರಿ, ಆದರೆ ಕೇಳ್ರಿ. ಈ ನಾಚಿಕೆಯಿಂದಲೇ ನಮ್ಮ ಜನ ಸಣ್ಣ ರೋಗ ದೊಡ್ಡದಾದ ಮೇಲೆ ದವಾಖಾನೆಗೆ ಹೋಗ್ತಾರೆ.

ಮೊದಲು ಹೆಣ್ಣುಮಕ್ಕಳ ಮಾತು. ಮೂತ್ರ ಹೊರಗೆ ಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಇದ್ದರೆ ಹೆಂಗಸರಲ್ಲಿ 4 ಸೆಂಟಿಮೀಟರ್ ಮಾತ್ರ. ಅದಕ್ಕೇ ರೋಗಾಣು ಬೇಗ ಒಳಗೆ ಹೋಗಿ ಸೋಂಕು ಆಗ್ತದೆ. ಉರಿ, ಮತ್ತೆ ಮತ್ತೆ ಹೋಗಬೇಕು ಅನ್ನಿಸೋದು, ಕಿಬ್ಬೊಟ್ಟೆ ನೋವು, ವಾಸನೆ ಇದರ ಗುರುತು. ಇದು ಯಾರ ನಡತೆಯ ತಪ್ಪೂ ಅಲ್ಲ. ಅರ್ಧದಷ್ಟು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ ರೋಗ. ಬಸುರಿಗೆ ಬಂದರೆ ತಡ ಮಾಡಬಾರದು, ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ.

ಎರಡು-ಮೂರು ಬಾಣಂತನ ಆದ ಅವ್ವಂದಿರಿಗೆ ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಉಚ್ಚಿ ಸೋರ್ತದೆ. ಸೀರೆ ತೊಯ್ತದೆ ಅಂತ ಮದುವೆ-ಮುಂಜಿಗೂ ಹೋಗೋದಿಲ್ಲ. ಇದಕ್ಕೂ ಉಪಾಯ ಅದ. ಉಚ್ಚಿ ತಡೆಯುವಾಗ ಬಿಗಿ ಹಿಡಿಯುವ ಸ್ನಾಯು ಇದೆಯಲ್ಲ, ಅದನ್ನು ಕೂತಲ್ಲೇ ಬಿಗಿದು ಐದಾರು ಸೆಕೆಂಡ್ ಹಿಡಿದು ಬಿಡಬೇಕು. ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ, ಮೂರು ತಿಂಗಳು ಬಿಡದೆ ಮಾಡಿದರೆ ಬಹಳ ಜನರಿಗೆ ಕಡಿಮೆ ಆಗ್ತದೆ. ಗರ್ಭಕೋಶ ಜಾರಿದಂಗ ಅನ್ನಿಸಿದರೆ ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ಗಂಡಸರು. ಐವತ್ತು ದಾಟಿದ ಮೇಲೆ ಮೂತ್ರಕೋಶದ ಕೆಳಗಿರುವ ಪ್ರೊಸ್ಟೇಟ್ ಗ್ರಂಥಿ ಬಹಳ ಜನರಿಗೆ ದಪ್ಪ ಆಗ್ತದೆ. ಧಾರೆ ಸಣ್ಣ ಆಗ್ತದೆ, ನಿಂತು ನಿಂತು ಬರ್ತದೆ, ರಾತ್ರಿ ಮೂರು-ನಾಲ್ಕು ಸಲ ಏಳಬೇಕಾಗ್ತದೆ. ಹೆಚ್ಚಿನವರಿಗೆ ಇದು ಕ್ಯಾನ್ಸರ್ ಅಲ್ಲ, ಆದರೆ ಯಾವುದು ಅಂತ ಡಾಕ್ಟರೇ ನೋಡಿ ಹೇಳಬೇಕು. ನಮ್ಮ ಓಣಿಯ ಒಬ್ಬ ಮುತ್ಯಾ ‘ವಯಸ್ಸಾಯ್ತು, ಹಿಂಗೇ’ ಅಂತ ಎರಡು ವರ್ಷ ಸುಮ್ಮನಿದ್ದ. ಒಂದು ರಾತ್ರಿ ಉಚ್ಚಿ ಪೂರ್ತಿ ನಿಂತು ಹೊಟ್ಟೆ ಉಬ್ಬಿತು. ಬಾಡಿಗೆ ಜೀಪಿನಲ್ಲಿ ಸೋಲಾಪುರಕ್ಕೆ ಒಯ್ದು ನಳಿ ಹಾಕಿಸಬೇಕಾಯ್ತು. ಮೊದಲೇ ತೋರಿಸಿದ್ದರೆ ಗುಳಿಗೆಯಿಂದಲೇ ಹಗುರಾಗಬಹುದಿತ್ತು.

ಇಬ್ಬರಿಗೂ ಬರುವಂಥದ್ದು ಹರಳು, ಮರಾಠಿಯಲ್ಲಿ ಮುತಖಡಾ ಅಂತಾರೆ. ನಮ್ಮ ಸೋಲಾಪುರ ಜಿಲ್ಲೆಯ ಬ್ಯಾಸಿಗೆ ಬಿಸಿಲು 40 ಡಿಗ್ರಿ ದಾಟ್ತದೆ. ಆ ಬಿಸಿಲಲ್ಲಿ ನೀರು ಕುಡಿಯದೆ ದುಡಿದರೆ ಮೂತ್ರ ಗಟ್ಟಿಯಾಗಿ ಹರಳು ಕಟ್ತದೆ. ಪದೇ ಪದೇ ಉಚ್ಚಿ, ಜೊತೆಗೆ ಬಾಯಾರಿಕೆ, ಸುಸ್ತು ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. ಅವರು ಚಿಕಿತ್ಸೆ ತಗೋತಲೇ ಸಂವಿಧಾನದ ಕೆಲಸ ಮಾಡಿದರು.

ನೀರಿನ ಮಾತು ಬಂತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿ ಕುಡಿದು ಬಾಬಾಸಾಹೇಬರು ನಮಗೆ ನೀರಿನ ಹಕ್ಕು ತೋರಿಸಿಕೊಟ್ಟರು. ಇವತ್ತು ಕೂಲಿಗೆ ಹೋಗುವ ನಮ್ಮ ಅವ್ವ, ಅಕ್ಕ ಕೈಯಲ್ಲಿ ನೀರಿದ್ದರೂ ಕುಡಿಯೋದಿಲ್ಲ. ಯಾಕಂದರೆ ಕುಡಿದರೆ ಹೋಗಲಿಕ್ಕೆ ಜಾಗ ಇಲ್ಲ. ಮುಂಜಾನೆಯಿಂದ ಸಂಜೆತನಕ ತಡೆದು ಹಿಡೀತಾರೆ, ಸೋಂಕು ಅಲ್ಲಿಂದಲೇ ಶುರು. 2011ರಲ್ಲಿ ಮುಂಬೈಯ ಹೆಣ್ಣುಮಕ್ಕಳು ಇದೇ ಮಾತಿಗೆ ಚಳವಳಿ ಮಾಡಿದರು. ಗಂಡಸರ ಮೂತ್ರಿಗೆ ದುಡ್ಡಿಲ್ಲ, ನಮಗೆ ಯಾಕೆ ದುಡ್ಡು ಅಂತ ಕೇಳಿದರು. ಅದು ನಾವೂ ಕೇಳಬೇಕಾದ ಪ್ರಶ್ನೆ.

ನಾಚಿಕೆ ಒಂದೇ ಕಾರಣ ಅಲ್ಲ, ಅಂಜಿಕೆಯೂ ಅದ. ಕಾಠಿಯಾವಾಡದ ಒಬ್ಬ ದಲಿತ ಶಿಕ್ಷಕನ ಬಾಣಂತಿ ಹೆಂಡತಿಯ ಕಥೆಯನ್ನು ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. 1929ರಲ್ಲಿ ನಡೆದದ್ದು. ಡಾಕ್ಟರ್ ಅವಳನ್ನು ಮುಟ್ಟಲಿಲ್ಲ, ಥರ್ಮಾಮೀಟರನ್ನೂ ಇನ್ನೊಬ್ಬರ ಕೈಯಿಂದ ಕೊಡಿಸಿದ. ಅವಳು ಉಳಿಯಲಿಲ್ಲ. ಇವತ್ತು ಕಾನೂನು ನಮ್ಮ ಕಡೆ ಇದೆ. ಆದರೂ ಒಂದು ದವಾಖಾನೆಯಲ್ಲಿ ನಮ್ಮ ವೈನಿಗೆ ಹತ್ತು ಜನರ ಮುಂದೆ ‘ಏನ್ ತ್ರಾಸು, ಲಗೂನ ಹೇಳು’ ಅಂತ ಗದರಿದರು. ವೈನಿ ‘ಟೊಂಕ ನೋವು’ ಅಂತ ಸುಳ್ಳು ಹೇಳಿ ನೋವಿನ ಗುಳಿಗೆ ಹಿಡಿದು ಬಂದರು. ಉರಿ ಹಂಗೇ ಉಳೀತು. ಅಂಥ ಹೊತ್ತಿನಲ್ಲಿ ‘ಒಳಗೆ ಹೇಳ್ತೀನಿ’ ಅನ್ನುವ ಹಕ್ಕು ನಮಗೆ ಇದೆ.

ಮರಾಠಿ ಬರದ ಹಿರಿಯರು ಈ ಮೂರು ಮಾತು ಕಲಿಯಿರಿ. ಉರಿ ಇದ್ದರೆ ‘ಲಘವೀಲಾ ಜಳಜಳ ಹೋತೆ’. ರಕ್ತ ಬಂದರೆ ‘ಲಘವೀತೂನ ರಕ್ತ ಜಾತೆ’. ಕಟ್ಟಿದ್ದರೆ ‘ಲಘವೀ ಅಡಲೀ ಆಹೆ’.

ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ತಡೆಯಲಾರದ ನೋವು, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟೋದು ಇವುಗಳಲ್ಲಿ ಒಂದಿದ್ದರೂ ಅವತ್ತೇ ಹೋಗಬೇಕು. ಮೆಡಿಕಲ್‌ನಿಂದ ಎರಡು ಗುಳಿಗೆ ತಂದು ನುಂಗಿ, ಉರಿ ಕಡಿಮೆ ಆದ ಕೂಡಲೇ ಬಿಡಬಾರದು; ಡಾಕ್ಟರ್ ಬರೆದಷ್ಟು ದಿನ ಪೂರ್ತಿ ತಗೋಬೇಕು. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ದವಾಖಾನೆಗಳಲ್ಲಿ ತಪಾಸಣೆ, ಔಷಧಿ ಪುಕ್ಕಟೆ. ಆಪರೇಷನ್ ಬೇಕಾದರೆ ಮಹಾತ್ಮಾ ಜೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. ರೇಷನ್ ಕಾರ್ಡ್, ಆಧಾರ್ ತಗೊಂಡು ಹೋಗಿ, ಯೋಜನೆಗೆ ಸೇರಿದ ದವಾಖಾನೆಯಲ್ಲಿ ಕೂಡುವ ಆರೋಗ್ಯಮಿತ್ರರನ್ನು ಕೇಳ್ರಿ.

ಸಂಘಕ್ಕೆ ನನ್ನದು ಎರಡು ಬೇಡಿಕೆ. ಅಕ್ಕಲಕೋಟ, ಸೋಲಾಪುರದ ದವಾಖಾನೆಗೆ ಹೋಗುವವರ ಜೊತೆ ಮರಾಠಿ ಬಲ್ಲ ಒಬ್ಬ ಹುಡುಗ, ಒಬ್ಬ ಹುಡುಗಿ ಹೋಗುವ ವ್ಯವಸ್ಥೆ ಮಾಡ್ರಿ. ಹೆಣ್ಣುಮಕ್ಕಳು ದುಡಿಯುವ ಜಾಗದಲ್ಲಿ ನೀರಿರುವ ಮೂತ್ರಿ ಬೇಕು ಅಂತ ಈ ವರ್ಷ ನಗರ ಪರಿಷತ್ತಿಗೆ ಅರ್ಜಿ ಕೊಡ್ರಿ. ಮೊದಲ ಸಹಿ ನಾನು ಹಾಕ್ತೀನಿ.