ಫೋಟೋದಲ್ಲಿ ಬಂದ ಅಕ್ಷರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಟಿ.ಸಿ.ಎಚ್. ಮಾಡಿ, ಇಲ್ಲಿಗೆ ಆರು ಕಿಲೋಮೀಟರ್ ದೂರದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸುತ್ತಿರುವವಳು ನಾನು. ಕೊರೋನಾ ಕಾಲದಲ್ಲಿ ಚಿಕ್ಕ ಮಕ್ಕಳಿಗೆ ಹೇಗೆ ಪಾಠ ಮಾಡಿದಿರಿ, ಅದನ್ನು ಹೇಳಿ ಎಂದು ಸಂಘಟಕರು ಕೇಳಿದರು. ಸಾಧನೆ ಅಂತ ಹೇಳಿಕೊಳ್ಳುವುದು ಹೆಚ್ಚಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಜೂನ್ ಬಂದರೂ ತೆರೆಯಲಿಲ್ಲ. ಚಿಕ್ಕವರಿಗೆ ಆನ್‌ಲೈನ್ ತರಗತಿ ಬೇಕೋ ಬೇಡವೋ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ನಮ್ಮ ಕಡೆ ವೀಡಿಯೊ ಓಡುವಷ್ಟು ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕು. ಹಾಗಾಗಿ ಆ ವಾದ ನಮಗೆ ತಟ್ಟಲಿಲ್ಲ. ನಾನು ವಾಟ್ಸಾಪ್ ಗುಂಪು ಮಾಡಿದೆ. ಹದಿನೆಂಟು ಮಕ್ಕಳು, ಹನ್ನೊಂದು ಫೋನು. ಬೆಳಿಗ್ಗೆ ನಾನು ಅಕ್ಷರ ಬರೆದು ಕಳಿಸುವುದು, ರಾತ್ರಿ ಅಪ್ಪಂದಿರು ಹೊಲದಿಂದ ಬಂದ ಮೇಲೆ ಮಕ್ಕಳು ಬರೆದದ್ದರ ಫೋಟೋ ಬರುವುದು. ಕಳಿಸದವರ ಹೆಸರನ್ನು ಪ್ರತಿ ಶನಿವಾರ ಗುಂಪಿನಲ್ಲೇ ಹಾಕುತ್ತಿದ್ದೆ, ಪೋಷಕರಿಗೆ ಸ್ವಲ್ಪ ಬಿಸಿ ಮುಟ್ಟಲಿ ಎಂದು.

ಆ ವರ್ಷ ಒಂದನೇ ತರಗತಿಗೆ ದಾಖಲಾದ ಒಬ್ಬ ಹುಡುಗನ ಮುಖವನ್ನೇ ನಾನು ನೋಡಿರಲಿಲ್ಲ. ಅವನ ಅಕ್ಷರ ಮಾತ್ರ ದುಂಡಗೆ, ಗೆರೆ ತಪ್ಪದೆ, ದಿನವೂ ಬರುತ್ತಿತ್ತು. ನಕ್ಷತ್ರ ಹಾಕಿ, ಇವನನ್ನು ನೋಡಿ ಕಲಿಯಿರಿ ಎಂದು ಉಳಿದವರಿಗೂ ಹೇಳಿದ್ದೆ.

ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ಮಕ್ಕಳು ಶಾಲೆಗೆ ಬರುವಂತಿಲ್ಲ, ನಾವೇ ಅವರ ಕೇರಿಗೆ ಹೋಗಬೇಕು. ಮಾರಮ್ಮನ ಗುಡಿಯ ಜಗಲಿಯಲ್ಲಿ ದೂರ ದೂರ ಕೂರಿಸಿ ಸ್ಲೇಟು ಕೊಟ್ಟೆ. 'ರ ಬರಿ ಪುಟ್ಟ' ಅಂದೆ. ಹುಡುಗ ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಕೂತ. ಬರೆಯುತ್ತಿದ್ದವಳು ಅವನ ಅಕ್ಕ. ಇದೇ ಶಾಲೆಯಲ್ಲಿ ಆಗ ಒಂಬತ್ತನೇ ತರಗತಿ.

ನನಗೆ ಕೋಪ ಬಂತು. 'ಯಾಕಮ್ಮ ಹೀಗೆ ಮೋಸ ಮಾಡಿದೆ?' ಅಂದೆ. ತಲೆ ಬಗ್ಗಿಸಿಕೊಂಡೇ ಹೇಳಿದಳು: 'ಮೊದಲ್ನೇ ವಾರ ಅವನ ಹೆಸರು ಹಾಕಿದ್ರಲ್ಲ ಮಿಸ್. ನಮ್ಮಪ್ಪಂಗೆ ಓದಕ್ಕೆ ಬರಲ್ಲ. ಪಕ್ಕದ್ಮನೆಯವರು ಎಲ್ರ ಮುಂದೆ ಓದಿ ಹೇಳಿದ್ರು. ಅವತ್ತು ಅಪ್ಪ ಊಟ ಮಾಡ್ಲಿಲ್ಲ.' ಅವಳ ಪಾಠಗಳು ಚಂದನ ಟಿ.ವಿ.ಯಲ್ಲಿ ಬರುತ್ತಿದ್ದವು. ನೋಡ್ತೀಯಾ ಎಂದೆ. ಹೊಲಕ್ಕೆ ಹೋಗದ ದಿನ ನೋಡ್ತೀನಿ ಎಂದಳು.

ನಲಿ-ಕಲಿಯಲ್ಲಿ ವರ್ಣಮಾಲೆಯ ಕ್ರಮ ಹಿಡಿಯುವುದಿಲ್ಲ. ರ, ಗ, ಸ, ದ, ಅ ಎಂದು ಶುರು. ಐದೇ ಅಕ್ಷರದಲ್ಲಿ ಸರ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಆದರೆ ಮಗು ಅಕ್ಷರವನ್ನು ಎಲ್ಲಿಂದ ಶುರು ಮಾಡಿತು, ಕೈ ಯಾವ ಕಡೆ ತಿರುಗಿಸಿತು, ಎಲ್ಲಿ ತಡವರಿಸಿತು ಎಂದು ನೋಡುವುದೇ ನಮ್ಮ ಕೆಲಸ. ಫೋಟೋದಲ್ಲಿ ಬರೆದು ಮುಗಿದ ಅಕ್ಷರ ಇರುತ್ತದೆ, ಕೈ ಇರುವುದಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಇದು ಹೊಳೆಯಬೇಕಿತ್ತು.

ಅಂದೇ ಪಟ್ಟಿ ನಿಲ್ಲಿಸಿದೆ. ಮರಳಲ್ಲಿ ಬೆರಳಿಟ್ಟು ತಿದ್ದಿಸುವುದು, ಹುಣಸೆ ಬೀಜ ಜೋಡಿಸಿ ಅಕ್ಷರ ಮಾಡಿಸುವುದನ್ನು ಅಕ್ಕನಿಗೇ ಹೇಳಿಕೊಟ್ಟೆ. ಅಕ್ಟೋಬರಿನಲ್ಲಿ ವಿದ್ಯಾಗಮವೂ ನಿಂತಿತು. ಮತ್ತೆ ಫೋನೇ ಗತಿ. ಆದರೆ ಫೋಟೋ ಕೇಳಲಿಲ್ಲ. ಸಂಜೆ ಒಬ್ಬೊಬ್ಬರಿಗೆ ಫೋನು ಮಾಡಿ ಮಾತಾಡಿಸುತ್ತಿದ್ದೆ. ಹೆಚ್ಚಾಗಿ ಕರು, ಮಳೆ, ಜಗಳ ಇವೇ ಮಾತು.

2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗಳು ತೆರೆದವು. ಹುಡುಗ ಎರಡನೇ ತರಗತಿಯಲ್ಲಿ ಕೂತ. ಅವನಿಗೆ ಅದು ಶಾಲೆಯ ಮೊದಲ ದಿನ. ಸ್ಲೇಟಿನ ತುಂಬ 'ಗರಗಸ' ಎಂದು ಸೊಟ್ಟಗೆ ಬರೆದು ತೋರಿಸಿದ. ಈಗ ಆರನೇ ತರಗತಿ, ಇನ್ನೆರಡು ವರ್ಷಕ್ಕೆ ಇಲ್ಲಿಗೆ ಬರುತ್ತಾನೆ.

ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾದಳು. ಮತ್ತೆ ಪರೀಕ್ಷೆ ಕಟ್ಟಿಸೋಣವೆಂದು ನಾನು ಮನೆಗೆ ಹೋಗುವಷ್ಟರಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಬಿಟ್ಟಿದ್ದಳು. ಮೊನ್ನೆ ಕೇಳಿದೆ, ಭಾನುವಾರ ಯಾರಾದರೂ ಗಣಿತ ಹೇಳಿಕೊಟ್ಟರೆ ಕೂರುತ್ತೇನೆ ಎಂದಿದ್ದಾಳೆ. ಆ ಎರಡು ವರ್ಷದವರಲ್ಲಿ ಹೀಗೆ ನಿಂತುಹೋದ ಇನ್ನೂ ಮೂವರು ನನಗೆ ಗೊತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಗಣಿತದ ಮೇಷ್ಟ್ರು, ಎಂಜಿನಿಯರುಗಳು ಬೇಕಾದಷ್ಟು ಜನ ಇದ್ದೀರಿ. ಹೆಸರುಗಳನ್ನು ಬರೆದು ತಂದಿದ್ದೇನೆ. ಮೈಕಿನಲ್ಲಿ ಓದುವುದಿಲ್ಲ, ಇಳಿದು ಬಂದು ಸಂಘದ ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ.