ಮನೆ ನಾಯಿ ಕಾಣದೇ ಹೋದರೆ

(ಸತ್ಯಮಂಗಲದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವು ನಾಯಿ ವಿಷಯ ಮಾತಾಡೋಣ. ನಗಬೇಡಿ. ಹಸು ತಪ್ಪಿಸಿಕೊಂಡರೆ ಊರೆಲ್ಲ ಹುಡುಕುತ್ತೆ. ನಾಯಿ ತಪ್ಪಿಸಿಕೊಂಡರೆ 'ಹೋದರೆ ಹೋಯ್ತು ಬಿಡು, ಇನ್ನೊಂದು ಮರಿ ತಂದರಾಯ್ತು' ಅಂತಾರೆ. ಆದರೆ ಆ ಮನೆ ಮಕ್ಕಳು ಎರಡು ದಿನ ಸರಿಯಾಗಿ ಉಣ್ಣೋದಿಲ್ಲ. ರಾತ್ರಿ ಪಾಳಿ ಮುಗಿಸಿ ಫ್ಯಾಕ್ಟರಿಯಿಂದ ಬರೋ ಮಗನಿಗೆ ಬಾಗಿಲಲ್ಲಿ ಬಾಲ ಅಲ್ಲಾಡಿಸೋರು ಇರೋದಿಲ್ಲ. ಇನ್ನೊಂದು ಮಾತೂ ಇದೆ. ನಾಲ್ಕು ದಿನ ಕಾಣದೇ ಹೋದ ನಾಯಿ ವಾಪಸ್ ಬಂದಾಗ ಜೊತೆಗೆ ಏನು ತಂದಿದೆ ಅನ್ನೋದು ನಮಗೆ ಗೊತ್ತಿರೋದಿಲ್ಲ. ಅದನ್ನು ಆಮೇಲೆ ಹೇಳ್ತೀವಿ. ಮೊದಲು ಹುಡುಕೋಣ.

ನಾಯಿ ಯಾಕೆ ಹೋಗುತ್ತೆ? 'ನಾಯಿಗೆ ಕೆಲಸವಿಲ್ಲ, ಕೂರೋಕೆ ಹೊತ್ತಿಲ್ಲ' ಅಂತ ಗಾದೆ ಕಟ್ಟಿದ್ದಾರೆ. ಆದರೂ ಅದಕ್ಕೆ ಅದರದೇ ಕಾರಣ ಇರುತ್ತೆ. ದೀಪಾವಳಿ ಪಟಾಕಿ, ಮದುವೆ ಮೆರವಣಿಗೆಯ ತಮಟೆ, ಗುಡುಗು, ಇವಕ್ಕೆ ಹೆದರಿ ದಿಕ್ಕು ನೋಡದೆ ಓಡುತ್ತೆ. ಮಳೆಗಾಲ ಕಳೆದು ಕಾರ್ತಿಕ ಬಂತೆಂದರೆ ಗಂಡು ನಾಯಿ ಹೆಣ್ಣು ನಾಯಿಯ ವಾಸನೆ ಹಿಡಿದು ಹೋಗುತ್ತೆ. ಮನೆ ಬದಲಾಯಿಸಿದ್ದರೆ ಹಳೇ ಮನೆ ಹುಡುಕಿಕೊಂಡು ಹೋಗೋದೂ ಉಂಟು. ಯಾವ ಕಾರಣಕ್ಕೆ ಹೋಗಿದೆ ಅಂತ ಯೋಚಿಸಿದರೆ ಎಲ್ಲಿ ಹುಡುಕಬೇಕು ಅನ್ನೋದು ಅರ್ಧ ತಿಳಿದ ಹಾಗೆ. ಹಳೇ ಮನೆಗೆ ಹೋಗಿರಬಹುದಾದರೆ ಮೊದಲು ಅಲ್ಲಿಯವರಿಗೆ ಒಂದು ಫೋನು ಮಾಡಿ.

ಹೆದರಿದ ನಾಯಿ ತುಂಬಾ ಸಲ ಹತ್ತಿರದಲ್ಲೇ ಅಡಗಿರುತ್ತೆ. ಮೋರಿ ಕೆಳಗೆ, ನಿಂತ ಲಾರಿ ಅಡಿಯಲ್ಲಿ, ಕಟ್ಟುತ್ತಿರೋ ಮನೆಯ ಒಳಗೆ, ಸೌದೆ ರಾಶಿ ಹಿಂದೆ. ಕರೆದರೂ ಬರೋದಿಲ್ಲ. ಆ ಹೊತ್ತಿಗೆ ಅದಕ್ಕೆ ಯಜಮಾನನ ದನಿಯೂ ಭಯವೇ. ಹಾಗಾಗಿ ಹಗಲು ಗದ್ದಲದಲ್ಲಿ ಹತ್ತು ಜನ ಕೂಗಾಡಿಕೊಂಡು ಹೋಗೋದಕ್ಕಿಂತ, ಬೆಳಕು ಹರಿಯೋ ಹೊತ್ತಿಗೆ ಮನೆಯ ಇಬ್ಬರು ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಾ ಹೋಗೋದು ಮೇಲು. ಕಂಡರೆ ಓಡಿ ಹೋಗಿ ಹಿಡಿಯಬೇಡಿ. ಅದು ಇನ್ನೂ ದೂರ ಓಡುತ್ತೆ. ನಮ್ಮೂರ ಪಕ್ಕದ ಹೆದ್ದಾರಿಯಲ್ಲಿ ಹಗಲು ರಾತ್ರಿ ಗಾಡಿ ನಿಲ್ಲೋದಿಲ್ಲ. ನಾವು ಅಟ್ಟಿಸಿಕೊಂಡು ಹೋದ ನಾಯಿ ಅಲ್ಲಿಗೇ ನುಗ್ಗಿದರೆ? ಅಲ್ಲೇ ಕುಕ್ಕರಗಾಲಲ್ಲಿ ಕೂತು, ಅದರ ಅನ್ನದ ತಟ್ಟೆ ಬಡಿದು ಸದ್ದು ಮಾಡಿ. ತಟ್ಟೆ ಸದ್ದು ನಾಯಿಗೆ ಚೆನ್ನಾಗಿ ಗೊತ್ತು. ಅದು ಮಲಗುತ್ತಿದ್ದ ಹಳೇ ಗೋಣಿಚೀಲವನ್ನು ಬಾಗಿಲ ಮುಂದೆ ಹಾಕಿಡಿ, ಒಗೆಯಬೇಡಿ. ವಾಸನೆಯೇ ಅದಕ್ಕೆ ದಾರಿ.

ಹೊಟ್ಟೆ ಹಸಿದ ಮೇಲೆ ನಾಯಿ ಊಟದ ಜಾಗಕ್ಕೆ ಬರುತ್ತೆ. ಹೋಟೆಲ್ ಹಿಂದೆ, ಮಾಂಸದ ಅಂಗಡಿ ಮುಂದೆ, ಛತ್ರದ ಎಲೆ ಬಿಸಾಡೋ ಕಡೆ ನೋಡಿ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬೀದಿಗೆ ಬರೋರು ಹಾಲು ಹಾಕೋರು, ಪೇಪರ್ ಹುಡುಗರು, ಪೌರಕಾರ್ಮಿಕರು. ಅವರನ್ನು ಕೇಳಿ. ಕಾರ್ಖಾನೆ ಗೇಟಿನ ಕಾವಲುಗಾರರಿಗೆ ಆ ಬೀದಿಯ ನಾಯಿಗಳೆಲ್ಲ ಪರಿಚಯ. ಹೊಸ ನಾಯಿ ಬಂದರೆ ಅವರಿಗೆ ಮೊದಲು ತಿಳಿಯುತ್ತೆ.

ಪೊದೆ, ಬಂಡೆ, ಗುಡ್ಡದ ಕಡೆ ಮಾತ್ರ ಕತ್ತಲಲ್ಲಿ ಹೋಗಬೇಡಿ. ಮಕ್ಕಳನ್ನಂತೂ ಕಳಿಸಲೇಬೇಡಿ. ದೇವರಾಯನದುರ್ಗದ ಕಾಡು ನಮಗೆ ದೂರವಿಲ್ಲ. ಚಿರತೆಗೆ ನಾಯಿ ಅಂದರೆ ಸುಲಭದ ಊಟ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಚಿರತೆ ಮನುಷ್ಯರನ್ನೇ ಕೊಂದಿತ್ತು. ಸತ್ತವರಲ್ಲಿ ಮಕ್ಕಳೂ ಇದ್ದರು. ರಾತ್ರಿ ನಾಯಿಯನ್ನು ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದರೆ ಕಾವಲು ಆಯ್ತು ಅಂತ ನಾವು ತಿಳಿಯುತ್ತೇವೆ. ಅದು ಓಡಲೂ ಆಗದೆ ಸಾಯುತ್ತೆ, ಚಿರತೆ ಮನೆ ಬಾಗಿಲಿಗೆ ಬರೋದನ್ನು ಕಲಿಯುತ್ತೆ. ರಾತ್ರಿ ಒಳಗೆ ಕೂಡಿ ಹಾಕಿ.

ಒಂದು ದಿನ ಹುಡುಕಿದರೂ ಸಿಗಲಿಲ್ಲ ಅನ್ನಿ. ಆಗ ನಾವು ಕಲಿತ ಅಕ್ಷರ ಕೆಲಸಕ್ಕೆ ಬರುತ್ತೆ. ನಾಯಿ ಹೆಸರು ಬರೆಯೋದು ನಮ್ಮಲ್ಲಿ ಹೊಸದೇನಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 950ರಲ್ಲಿ ನಿಲ್ಲಿಸಿದ ಒಂದು ಕಲ್ಲು ಸಿಕ್ಕಿದೆ. ಮಣಲೇರ ಅನ್ನೋ ವೀರ ಯುದ್ಧದಲ್ಲಿ ಗೆದ್ದು, ಇನಾಮಾಗಿ ಕಾಳಿ ಅನ್ನೋ ಬೇಟೆ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದನ್ನೆಲ್ಲ ಕನ್ನಡದಲ್ಲಿ ಕಲ್ಲಿನ ಮೇಲೆ ಬರೆಸಿ, ನಾಯಿ ಹಂದಿಯ ಕಾಳಗವನ್ನೂ ಕೆತ್ತಿಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮಗೆ ಕಲ್ಲು ಬೇಡ. ಒಂದು ಹಾಳೆ ಸಾಕು. ದಪ್ಪ ಪೆನ್ನಿನಲ್ಲಿ, ದೂರದಿಂದ ಕಾಣುವ ಹಾಗೆ ಹೀಗೆ ಬರೆಯಿರಿ:

ನಾಯಿ ಕಾಣೆಯಾಗಿದೆ
ಹೆಸರು ಕರಿಯ. ಗಂಡು ನಾಯಿ.
ಮೈ ಕಪ್ಪು. ಎದೆ ಮೇಲೆ ಬಿಳಿ ಮಚ್ಚೆ.
ಕೊರಳಲ್ಲಿ ಕೆಂಪು ಬೆಲ್ಟು.
ಶನಿವಾರ ರಾತ್ರಿ ಸತ್ಯಮಂಗಲದಿಂದ ಹೋಗಿದೆ.
ಕಂಡರೆ ಅಟ್ಟಿಸಬೇಡಿ. ಫೋನ್ ಮಾಡಿ.

ಕೆಳಗೆ ಫೋನ್ ನಂಬರು. ಒತ್ತಕ್ಷರ ತಪ್ಪಿದರೆ ಯಾರೂ ಏನೂ ಅನ್ನೋದಿಲ್ಲ. ನಂಬರು ಮಾತ್ರ ತಪ್ಪಬಾರದು. ಬರೆದ ಮೇಲೆ ಪಕ್ಕದವರ ಕೈಲಿ ಓದಿಸಿ ನೋಡಿ. ಹಾಲಿನ ಡೇರಿ, ಅಂಗಡಿ, ಬಸ್ ನಿಲ್ಲೋ ಜಾಗ, ಪಶು ಆಸ್ಪತ್ರೆ, ಇಲ್ಲೆಲ್ಲ ಕೇಳಿಕೊಂಡು ಅಂಟಿಸಿ. ಈಗ ಎಲ್ಲರ ಮನೆಯಲ್ಲೂ ಮೊಬೈಲಿದೆ. ಅದೇ ಹಾಳೆಯ ಫೋಟೋ, ನಾಯಿ ಫೋಟೋ ಎರಡನ್ನೂ ವಾಟ್ಸಾಪ್ ಗುಂಪಿಗೆ ಹಾಕಿ.

ಒಂದು ಗುರುತನ್ನು ಬರೆಯದೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಕಿವಿ ಹಿಂದೆ ಹಳೇ ಗಾಯ ಇದೆ ಅನ್ನಿ, ಅದನ್ನು ಹೇಳಬೇಡಿ. ಫೋನ್ ಮಾಡಿದವರನ್ನು ನೀವೇ ಕೇಳಿ. 'ನಾಯಿ ನಮ್ಮ ಹತ್ತಿರ ಇದೆ, ಮೊದಲು ದುಡ್ಡು ಕಳಿಸಿ' ಅನ್ನೋರು ಇದ್ದಾರೆ. ನಾಯಿಯನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಯಾರೋ ಕದ್ದಿದ್ದಾರೆ ಅಂತ ಖಾತ್ರಿ ಇದ್ದರೆ ಪೊಲೀಸ್ ಠಾಣೆಗೆ ಬರೆದು ದೂರು ಕೊಡಿ. ಸಾಕಿದ ನಾಯಿ ನಿಮ್ಮ ಸ್ವತ್ತು. ಅದನ್ನು ಕದ್ದರೆ ಕಳ್ಳತನವೇ. ದೂರು ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ.

ಮಹಾನಗರ ಪಾಲಿಕೆಯಲ್ಲೂ ವಿಚಾರಿಸಬೇಕು. ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು ಅನ್ನೋದು 2023ರ ನಿಯಮ. ಕಿವಿ ತುದಿ ಕತ್ತರಿಸಿದ್ದರೆ ಚಿಕಿತ್ಸೆ ಆಗಿದೆ ಅಂತ ಗುರುತು. ಆದರೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿ ಹಿಡಿದ ಬೀದಿ ನಾಯಿಯನ್ನು ಮತ್ತೆ ಅಲ್ಲಿ ಬಿಡಬಾರದು, ಆಶ್ರಯ ತಾಣಕ್ಕೆ ಕಳಿಸಬೇಕು. ನಿಮ್ಮ ಕರಿಯ ಬೆಲ್ಟಿಲ್ಲದೆ ಶಾಲೆ ಬಯಲಿಗೆ ಹೋಗಿ ಮಲಗಿದ್ದರೆ, ಹಿಡಿಯೋರಿಗೆ ಅದು ಸಾಕಿದ್ದು ಅಂತ ಹೇಗೆ ತಿಳಿಯಬೇಕು? ಬೆಲ್ಟಿನ ಒಳಮೈಗೆ ಅಳಿಸದ ಪೆನ್ನಿನಲ್ಲಿ ಫೋನ್ ನಂಬರು ಬರೆದರೂ ಆಯ್ತು. ಬೆಲ್ಟು ಹಾಕಿದ ಮೇಲೆ ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ.

ಈಗ ಆಗಲೇ ಆಮೇಲೆ ಹೇಳ್ತೀವಿ ಅಂದ ಮಾತಿಗೆ ಬರೋಣ. ನಾಯಿ ಬಂತು. ಮಕ್ಕಳು ಓಡಿ ಹೋಗಿ ತಬ್ಬಿಕೊಳ್ತಾರೆ. ಅದು ಮುಖ ನೆಕ್ಕುತ್ತೆ. ಒಂದು ನಿಮಿಷ ತಡೆಯಿರಿ. ಹೊರಗೆ ಇದ್ದ ದಿನಗಳಲ್ಲಿ ಅದಕ್ಕೆ ಯಾವ ನಾಯಿ ಕಚ್ಚಿತೋ ನಮಗೆ ಗೊತ್ತಿಲ್ಲ. ರೇಬೀಸ್ ಅಂದರೆ ಹುಚ್ಚುನಾಯಿ ರೋಗ ಇರುವ ನಾಯಿಯ ಜೊಲ್ಲಿನಲ್ಲಿ ಆ ರೋಗದ ವೈರಾಣು ಇರುತ್ತೆ. ಕಚ್ಚಿದರೆ ಮಾತ್ರ ಅಲ್ಲ. ಗಾಯದ ಮೇಲೆ, ಬಾಯಿ ಕಣ್ಣಿನ ಮೇಲೆ ನೆಕ್ಕಿದರೂ ರೋಗ ಬರಬಹುದು. ಮೊದಲು ದೊಡ್ಡವರು ನಾಯಿಯನ್ನು ಕಟ್ಟಿ, ದೂರದಿಂದ ಮೈ ನೋಡಿ. ಕಚ್ಚಿದ ಗಾಯ ಕಂಡರೆ ಬರಿಗೈಯಲ್ಲಿ ಮುಟ್ಟದೆ ಅದೇ ದಿನ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಚ್ಚಿಸಿಕೊಂಡ ನಾಯಿಗೂ ಸೂಜಿ ಇದೆ. ರೋಗ ಕಾಣಿಸಿಕೊಳ್ಳೋದು ವಾರಗಳ ಮೇಲೆ, ಕೆಲವು ಸಲ ತಿಂಗಳುಗಳ ಮೇಲೆ.

ಕೆಲವು ನಾಯಿ ಮನೆ ಬಿಟ್ಟು ಹೋಗೋದೇ ಈ ರೋಗದಿಂದ. ಗೊತ್ತು ಗುರಿಯಿಲ್ಲದೆ ಅಲೆಯುತ್ತವೆ, ಸಿಕ್ಕ ಕೋಲು ಕಲ್ಲು ಕಡಿಯುತ್ತವೆ. ಬೊಗಳೋ ದನಿ ಬದಲಾಗುತ್ತೆ. ಎಲ್ಲ ಹುಚ್ಚು ನಾಯಿಯೂ ಮೈಮೇಲೆ ಬೀಳೋದಿಲ್ಲ. ಕೆಲವು ಸುಮ್ಮನೆ ಕತ್ತಲ ಮೂಲೆ ಸೇರುತ್ತವೆ, ಕೆಳದವಡೆ ಜೋತು ಬೀಳುತ್ತೆ, ಜೊಲ್ಲು ಸುರಿಯುತ್ತೆ, ನೀರು ನುಂಗಲು ಆಗೋದಿಲ್ಲ. 'ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿದೆ' ಅಂತ ನಾವು ಬಾಯೊಳಗೆ ಕೈ ಹಾಕ್ತೀವಿ. ಕರುಣೆಯಿಂದ ಮಾಡಿದ ಕೆಲಸವೇ, ಆದರೆ ಜೀವಕ್ಕೆ ಕುತ್ತು. ಕೈ ಹಾಕಬೇಡಿ. ಪಶುವೈದ್ಯರಿಗೆ ಹೇಳಿ ಕಳಿಸಿ.

ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ, ಮೊದಲ ಔಷಧಿ ನಮ್ಮ ನಲ್ಲಿಯಲ್ಲೇ ಇದೆ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಹದಿನೈದು ನಿಮಿಷ ಅಂದರೆ ನಾವು ಅಂದುಕೊಂಡಷ್ಟು ಚಿಕ್ಕದಲ್ಲ. ಸುಣ್ಣ, ಖಾರದಪುಡಿ, ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಅದೇ ದಿನ ಹೋಗಿ. ಸಾಕಿದ ನಾಯಿ ತಾನೇ ಅಂತ ಕೂರಬೇಡಿ. ಕಚ್ಚಿದ ನಾಯಿಯನ್ನು ಕೊಲ್ಲಬೇಡಿ, ಕಟ್ಟಿ 10 ದಿನ ನೋಡಿ. ಅದು ಚೆನ್ನಾಗಿಯೇ ಇದ್ದರೆ ಉಳಿದ ಸೂಜಿ ಬೇಕೋ ಬೇಡವೋ ಡಾಕ್ಟರು ಹೇಳ್ತಾರೆ. ಆದರೆ ಆ 10 ದಿನ ಕಾದು ಆಮೇಲೆ ಸೂಜಿ ಶುರು ಮಾಡೋಣ ಅನ್ನಬಾರದು. ಈ ರೋಗ ಮನುಷ್ಯರಲ್ಲಿ ಒಮ್ಮೆ ಕಾಣಿಸಿಕೊಂಡರೆ ಉಳಿಯೋರು ಇಲ್ಲವೇ ಇಲ್ಲ ಅನ್ನಬಹುದು. ಸೂಜಿ ಸಕಾಲಕ್ಕೆ, ಪೂರ್ತಿ ಹಾಕಿಸಿಕೊಂಡರೆ ರೋಗ ಬರದಂತೆ ತಡೆಯಬಹುದು.

ಹೊಕ್ಕಳ ಸುತ್ತ 14 ಸೂಜಿ ಅಂತ ಹೆದರೋ ಹಿರಿಯರು ಇನ್ನೂ ಇದ್ದಾರೆ. ಆ ಹಳೇ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಲ್ಲಿಸಿದರು. ಈಗ ತೋಳಿಗೆ ಹಾಕ್ತಾರೆ. ಚರ್ಮದೊಳಗೆ ಹಾಕಿದರೆ ಮೊದಲ ದಿನ, ಅಲ್ಲಿಂದ 3, 7, 28 ದಿನಕ್ಕೆ. ಸ್ನಾಯುವಿಗೆ ಹಾಕಿದರೆ 14ನೇ ದಿನವೂ ಒಂದು. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಹಾಕ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ತಾರೀಖು ಬರೆದಿರುತ್ತೆ. ಅದನ್ನು ಈಗ ನೀವೇ ಓದಬಲ್ಲಿರಿ. ಗಾಯ ಒಣಗಿತು ಅಂತ ಮೂರನೆಯ ಸೂಜಿಗೆ ನಿಲ್ಲಿಸೋರು ಬಹಳ. ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಈ ರೋಗ ಕಂಡರೆ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಮಾಡಿತು.

ನಾಯಿಗೂ ಹಾಗೇ ಒಂದು ಚೀಟಿ ಇರಬೇಕು. ಮರಿಗೆ ಮೂರು ತಿಂಗಳಾದಾಗ ಮೊದಲ ಸೂಜಿ, ಆಮೇಲೆ ಪಶುವೈದ್ಯರು ಹೇಳಿದ ದಿನ ಇನ್ನೊಂದು, ಅಲ್ಲಿಂದ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿನಲ್ಲಿ ಹಲವು ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಸೂಜಿ ಹಾಕ್ತಾರೆ, ವಿಚಾರಿಸಿ.

ನಾಳೆ ಕೇಂದ್ರಕ್ಕೆ ಬರುವಾಗ ನಾಯಿ ಚೀಟಿ ಇದ್ದವರು ತನ್ನಿ. ಮುಂದಿನ ಸೂಜಿ ತಾರೀಖು ಯಾವುದು ಅಂತ ಎಲ್ಲ ಸೇರಿ ಓದೋಣ. ಚೀಟಿ ಇಲ್ಲದವರು ಒಂದು ಹಾಳೆಯಲ್ಲಿ ನಾಯಿಯ ಹೆಸರು, ಬಣ್ಣ, ಗುರುತು ಬರೆದುಕೊಂಡು ಬನ್ನಿ.