ಮರಳು ಚೀಲದಿಂದ ಫೋಮ್ ಬ್ಲಾಕ್‌ವರೆಗೆ



ಬೈಕಿನಿಂದ ಎಸೆಯಲ್ಪಟ್ಟವರು, ತೆಂಗಿನ ಮರದಿಂದ ಬಿದ್ದವರು ಮಾತಾಡುತ್ತಿದ್ದರೂ ಕತ್ತಿನ ಮೂಳೆ ಮುರಿದಿರಬಹುದು. ಒಳಗಿನ ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲಿನ ಸ್ವಾಧೀನವೇ ಹೋದೀತು. ಹಾಗಾಗಿ ತಲೆ ಅಲುಗದಂತೆ ಹಿಡಿಯಬೇಕು. ಯಾವುದರಿಂದ ಹಿಡಿಯಬೇಕು ಎಂಬುದಕ್ಕೆ ಉತ್ತರ ಕಾಲದಿಂದ ಕಾಲಕ್ಕೆ ಬದಲಾಗಿದೆ.

ಎಡ್ವಿನ್ ಸ್ಮಿತ್ ಎಂಬವರು 1862ರಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಕೊಂಡ ಪಪೈರಸ್ ಸುರುಳಿ ಸುಮಾರು ಕ್ರಿ.ಪೂ. 1600ರದು. ತಲೆಬುರುಡೆ ಒಡೆದವನನ್ನು ಕೂರಿಸಿ, ಇಟ್ಟಿಗೆಯ ಎರಡು ಆಸರೆ ಕೊಡಿ ಎನ್ನುತ್ತದೆ ಅದು. ಕತ್ತಿನ ಮೂಳೆ ಜಾರಿ ಕೈಕಾಲಿನ ಅರಿವು ತಪ್ಪಿದವನಿಗೆ ಮಾತ್ರ ಚಿಕಿತ್ಸೆಯಿಲ್ಲ ಎಂದು ಕೈಚೆಲ್ಲುತ್ತದೆ.

ಆ್ಯಂಬುಲೆನ್ಸ್ ಕಾಲಕ್ಕೆ ಬರೋಣ. ನಜ್ಜುಗುಜ್ಜಾದ ಕಾರುಗಳಿಂದ ಗಾಯಾಳುಗಳನ್ನು ಸಿಕ್ಕಸಿಕ್ಕಂತೆ ಎಳೆಯುವುದನ್ನು ಕಂಡು ಕಳವಳಗೊಂಡ ಅಮೆರಿಕದ ಶಸ್ತ್ರವೈದ್ಯ ಫ್ಯಾರಿಂಗ್ಟನ್ 1967ರಲ್ಲಿ ‘ಡೆತ್ ಇನ್ ಎ ಡಿಚ್’ ಎಂಬ ಲೇಖನ ಬರೆದರು. ಹಲಗೆಯ ಮೇಲೆ ಮಲಗಿಸಿ ಬಿಗಿದು ಹೊರತೆಗೆಯುವ ಕ್ರಮ ಅವರಂಥವರಿಂದ ಊರೂರಿಗೆ ಹಬ್ಬಿತು. ತಲೆಯ ಎರಡೂ ಪಕ್ಕ ಮರಳು ಚೀಲ, ಹಣೆಯ ಮೇಲೆ ಅಂಟುಪಟ್ಟಿ, ಕತ್ತಿಗೆ ಕಾಲರ್. 1983ರ ಒಂದು ಅಧ್ಯಯನದಲ್ಲಿ ಬರಿಯ ಕಾಲರ್‌ಗಿಂತ ಮರಳು ಚೀಲ ಮತ್ತು ಪಟ್ಟಿಯೇ ಕತ್ತನ್ನು ಚೆನ್ನಾಗಿ ಹಿಡಿದವು.

ಆದರೆ ಮಲಗಿದವರಿಗೆ ವಾಂತಿ ಬಂದರೆ? ಅದು ಶ್ವಾಸನಾಳಕ್ಕೆ ಇಳಿಯದಂತೆ ಹಲಗೆಸಮೇತ ಪಕ್ಕಕ್ಕೆ ಹೊರಳಿಸಬೇಕು. ಆಗ ಮೇಲಿನ ಚೀಲದ ಭಾರವೆಲ್ಲ ತಲೆಯನ್ನು ಒತ್ತಿ ಕತ್ತನ್ನು ವಾಲಿಸುತ್ತದೆ. ಯಾವ ಭಾರವನ್ನು ನೆಚ್ಚಿದ್ದೆವೋ ಅದೇ ಅಪಾಯವಾಯಿತು! ಹಗುರವಾದ ಫೋಮ್ ಬ್ಲಾಕ್‌ಗಳು ಮರಳಿನ ಜಾಗಕ್ಕೆ ಬಂದದ್ದಕ್ಕೆ ಇದು ದೊಡ್ಡ ಕಾರಣ.

1998ರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಹೀಗೆ ಬಿಗಿಯದೆ ತಂದ ಮಲೇಷ್ಯಾದ 120 ಗಾಯಾಳುಗಳನ್ನು, ಬಿಗಿದು ತಂದ ಅಮೆರಿಕದ ನ್ಯೂ ಮೆಕ್ಸಿಕೊದ 334 ಮಂದಿಯೊಂದಿಗೆ ಹೋಲಿಸಿದಾಗ, ನರಹಾನಿಯಿಂದಾದ ವೈಕಲ್ಯ ಮಲೇಷ್ಯಾದವರಲ್ಲೇ ಕಡಿಮೆಯಿತ್ತು. ಎರಡು ದೇಶಗಳ ಹೋಲಿಕೆಯಾದ್ದರಿಂದ ಇದೇ ಕೊನೆಯ ಮಾತಲ್ಲ. ಆದರೂ ಎಲ್ಲರನ್ನೂ ಕಣ್ಣುಮುಚ್ಚಿ ಬಿಗಿಯುವ ಪದ್ಧತಿಯನ್ನು ಅದು ಅಲುಗಾಡಿಸಿತು. ಗಟ್ಟಿ ಹಲಗೆಯಿಂದ ಮೈ ಒತ್ತಿ ಹುಣ್ಣಾಗುವುದು, ಬಿಗಿ ಕಾಲರ್‌ನಿಂದ ತಲೆಯೊಳಗಿನ ಒತ್ತಡ ಏರುವುದು ಕೂಡ ತಿಳಿಯಿತು. 2013ರಲ್ಲಿ ಅಮೆರಿಕದ ತಜ್ಞರ ಸಂಘಗಳೇ ಹಲಗೆಯನ್ನು ಅಗತ್ಯವಿದ್ದವರಿಗಷ್ಟೇ ಬಳಸಿ ಎಂದವು.

ಇಷ್ಟು ಕಲಿತ ಮೇಲೆ, ಆ್ಯಂಬುಲೆನ್ಸಿಗೆ ಸಾಧನ ಆರಿಸುವವರು ಬೆಲೆಪಟ್ಟಿಗಿಂತ ಮೊದಲು ಮಲಗಿದವರನ್ನು ನೆನೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬ್ಲಾಕಿನಲ್ಲಿ ಕಿವಿಯ ಕಡೆ ತೂತು ಇರಲೇಬೇಕು. ಕಿವಿಯಿಂದ ರಕ್ತ ಸೋರುವುದು ಅಲ್ಲಿ ಕಾಣುತ್ತದೆ, ಹೆದರಿದವರಿಗೆ ನಮ್ಮ ದನಿಯೂ ಕೇಳುತ್ತದೆ. ರಕ್ತ ಹೀರದ, ತೊಳೆಯಬಹುದಾದ ಹೊದಿಕೆ ಬೇಕು, ಇಲ್ಲವೇ ಒಮ್ಮೆ ಬಳಸಿ ಎಸೆಯುವ ರಟ್ಟಿನದಾಗಬಹುದು. ಎಕ್ಸ್‌ರೇಗೆ ಅಡ್ಡಬರಬಾರದು. ಪಟ್ಟಿ ಬಾಯಿ ತೆರೆಯಲು ತಡೆಯಾಗಬಾರದು. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಚಪ್ಪಟೆ ಹಲಗೆಯಲ್ಲಿ ಕತ್ತು ಮುಂದಕ್ಕೆ ಬಾಗುತ್ತದೆ. ಹಾಗಾಗಿ ಅವರ ಹೆಗಲ ಕೆಳಗೆ ಹಾಸಲು ಮೆತ್ತೆ ಜೊತೆಗಿರಲಿ. ಕಟ್ಟುವಾಗ ಮೊದಲು ಮೈ, ಕೊನೆಗೆ ತಲೆ. ಮೊದಲೇ ತಲೆ ಕಟ್ಟಿ ಆಮೇಲೆ ಮೈ ಜಾರಿದರೆ ತಿರುಚುವುದು ಕತ್ತೇ.

ಕರ್ನಾಟಕದಲ್ಲಿ 2008ರಿಂದ 108ರ ಆರೋಗ್ಯ ಕವಚ ಆ್ಯಂಬುಲೆನ್ಸ್ ಸೇವೆಯಿದೆ. ಆ್ಯಂಬುಲೆನ್ಸ್ ಬರುವ ತನಕ, ಬೇರೆ ಅಪಾಯವಿಲ್ಲದಿದ್ದರೆ, ಗಾಯಾಳುವನ್ನು ಎಬ್ಬಿಸಿ ಕೂರಿಸಬೇಡಿ, ಆಟೋಗೆ ತುರುಕಬೇಡಿ. ಉಸಿರಾಟ ಸರಾಗವಾಗಿದೆಯೇ ನೋಡಿ, ತಲೆಯನ್ನು ಎರಡೂ ಕೈಯಲ್ಲಿ ಇದ್ದಂತೆಯೇ ಹಿಡಿದುಕೊಳ್ಳಿ.